ರೂಪಾಂತರಿ ರಜೆ ಅರ್ಜಿ

ಓಮಿಕ್ರಾನ್ ಬಂದ ಜನವರಿ. ವಿಜಯವಾಡದ ಗವರ್ನರ್‌ಪೇಟೆಯ ಕ್ಲಿನಿಕ್ಕೊಂದರಲ್ಲಿ ಕೋವಿಡ್ ಪರೀಕ್ಷೆಗೆ ಕಾದಿದ್ದೆ. ಪಕ್ಕದಲ್ಲಿ ಒಬ್ಬ ಬ್ಯಾಂಕ್ ಗುಮಾಸ್ತ, ಲ್ಯಾಬಿನಲ್ಲಿ ಕೆಲಸ ಮಾಡುವ ಅವನಕ್ಕ. ಇಲ್ಲಿ ಯಾರಿಗೂ ಕನ್ನಡ ಬಾರದೆಂಬ ಧೈರ್ಯದಲ್ಲಿ ಜೋರಾಗಿಯೇ ಮಾತಾಡುತ್ತಿದ್ದರು.

“ಒಂದ್ಸಲ ಬಂದು ಹೋಯ್ತಲ್ಲಕ್ಕಾ, ಮತ್ತೆ ಹೆಂಗೆ ಬರುತ್ತೆ?”

“ನಿಮ್ಮ ಬ್ರಾಂಚಿನ ರಜೆ ಅರ್ಜಿ ಥರಾನೇ ಕಣೋ. ಮೊದ್ಲು ಎಲ್ರೂ ಏನಂತ ಬರೀತಿದ್ರಿ?”

“ಅಜ್ಜಿ ಸೀರಿಯಸ್ಸು ಅಂತ. ಆಮೇಲೆ ಮ್ಯಾನೇಜರ್ರು ಅಜ್ಜಿ ಕಂಡ ತಕ್ಷಣ ಹರಿದು ಬಿಸಾಕ್ತಿದ್ರು.”

“ಅದೇ ಇಮ್ಯೂನಿಟಿ. ಆದ್ರೂ ನೀವು ಅದನ್ನೇ ಕಾಪಿ ಹೊಡೀತಿದ್ರಿ.”

“ಅವಸರದಲ್ಲಿ ಒಬ್ಬ ತಾರೀಖು ಬಿಟ್ಟ, ಇನ್ನೊಬ್ಬ ಸಹಿ ಮರೆತ. ಎರಡೂ ವಾಪಸ್. ನಮ್ಮ ಪಕ್ಕದ ಕೌಂಟರಿನ ಮಾಧವಿ ಗಾರು ಕೈತಪ್ಪಿ ಅಜ್ಜಿ ಬದಲು ಅತ್ತೆ ಅಂತ ಬರೆದ್ರು. ಪಾಸಾಯ್ತು!”

“ಬೇಕಂತ ಬದಲಾಯಿಸಿದ್ದಲ್ಲ ತಾನೇ? ವೈರಸ್ಸೂ ಅಷ್ಟೇ. ನೂರು ತಪ್ಪಲ್ಲಿ ಒಂದು ನುಸುಳುತ್ತೆ, ಆಮೇಲೆ ಎಲ್ಲಾ ಕಡೆ ಅದೇ.”

“ನಿಜ. ಆ ತಿಂಗಳು ಏಳು ಅತ್ತೆಯರಿಗೆ ಸೀರಿಯಸ್ಸು. ನಂಗೆ ಹೆಣ್ಣು ಕೊಟ್ಟ ಅತ್ತೇನೂ ಸೇರಿ.”

“ನಿಂಗಿನ್ನೂ ಮದುವೇನೇ ಆಗಿಲ್ವಲ್ಲೋ!”

“ಅದಕ್ಕೇ ಸಿಕ್ಕಿಬಿದ್ದೆ. ಈಗ ಆ ಮ್ಯಾನೇಜರ್ರಿಗೆ ಟ್ರಾನ್ಸ್‌ಫರ್. ಸೋಮವಾರ ಬಾಲಚಂದ್ರ ಅಂತ ಹೊಸಬರು ಬರ್ತಾರಂತೆ.”

“ಹಂಗಾದ್ರೆ ಇಮ್ಯೂನಿಟಿ ಸೊನ್ನೆ.”

“ಮತ್ತೆ ಅಜ್ಜಿಯಿಂದ್ಲೇ ಶುರು!”

“ನಂದೀಶ್ ಗಾರು!” ಎಂದು ನರ್ಸ್ ಕೂಗಿದಳು. ಇಬ್ಬರೂ ನಗುತ್ತ ಒಳಗೆ ಹೋದರು.

ನಾನು ಮೆಲ್ಲಗೆ ಎದ್ದು ನರ್ಸ್ ಬಳಿ ಹೋದೆ. ನನ್ನ ಸರದಿ ಬಂದಾಗ ಕೈಸನ್ನೆ ಮಾಡಿದರೆ ಸಾಕು, ಬಾಲಚಂದ್ರ ಎಂದು ಕೂಗಬೇಡಿ ಎಂದು ಬೇಡಿಕೊಂಡೆ. ಸೋಮವಾರ ಬರಲಿರುವ ಅಜ್ಜಿಯನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.