ಎಡಕ್ಕೆ ಮಾತ್ರ ತಿರುಗುವ ದಾರಿ

...ಇಲ್ಲ, ನನಗೆ ಸರಿಯಾಗಿ ಹೇಳೋಕೆ ಬರಲ್ಲ ಅಳಿಯಂದ್ರೇ, ಮೊದಲೇ ಕ್ಷಮೆ ಕೇಳ್ಬಿಡ್ತೀನಿ. ಒಂದು ಹೇಳೋಕೆ ಹೋದ್ರೆ ಇನ್ನೊಂದು ಬಾಯಿಗೆ ಬರುತ್ತೆ. ನಿಮ್ಮ ಹೆಂಡತಿ ಚಿಕ್ಕವಳಿದ್ದಾಗಿಂದ ಹೇಳ್ತಿದ್ಳು, "ಅಪ್ಪನ್ನ ನೀರು ಕೇಳಿದ್ರೆ ಬಾವಿ ತೋಡಿದ ಕಥೆ ಹೇಳ್ತಾರೆ" ಅಂತ. ನಗ್ತಿದ್ದೀರಲ್ಲ, ನಿಮಗೂ ಹೇಳಿದ್ದಾಳೆ ಹಾಗಾದ್ರೆ. ಇರ್ಲಿ. ಮತ್ತೆ ಮೊದಲಿಂದ ಶುರುಮಾಡ್ತೀನಿ. ಬನ್ನಿ, ಈ ಕಡೆ ಕೂತ್ಕೊಳ್ಳಿ... ಅಲ್ಲಲ್ಲ, ಆ ಕುರ್ಚಿ ಬೇಡ, ಈ ಕಡೆ, ನನ್ನ ಎಡಗಡೆ. ಇಲ್ಲಿ ಬೆಳಕು ಚೆನ್ನಾಗಿದೆ. ಬೆಳಕಿಗೋಸ್ಕರ ಹೇಳಿದೆ, ಬೇರೇನಿಲ್ಲ.

ಇದು ನಕ್ಷೆ. ನಾಲ್ಕು ಹಾಳೆ ಅಂಟಿಸಿದ್ದು. ಈ ಕೆಂಪು ಪೆನ್ಸಿಲ್ ಗೆರೆ ಇದೆಯಲ್ಲ, ಇದೇ ನಮ್ಮ ದಾರಿ. ಸಾವಿರದ ಎಂಟುನೂರು ಕಿಲೋಮೀಟರು, ಏಳು ದಿನ. ದಿನಕ್ಕೆ ಇನ್ನೂರೈವತ್ತು ಅಂದ್ರೆ ಏನೂ ಅಲ್ಲ ನೋಡಿ, ನಿಧಾನವೇ ಪ್ರಧಾನ. ಇಷ್ಟು ದೂರ ಯಾಕೆ, ರೈಲಲ್ಲಿ ಹೋಗಬಾರದಾ ಅಂತ ನೀವು ಕೇಳಬಹುದು. ಕೇಳಲಿಲ್ಲ, ಆದ್ರೂ ಹೇಳ್ತೀನಿ. ರೈಲಾದ್ರೆ ಮೂರು ಕಡೆ ಬದಲಾಯಿಸ್ಬೇಕು, ಮೂರು ಕಡೆಯೂ ಮೆಟ್ಟಿಲು. ನಿಮ್ಮತ್ತೆ ಸೊಂಟದ ಕಥೆ ನಿಮಗೆ ಗೊತ್ತು. ಅರ್ಧ ಗಂಟೆ ಕೂತ್ರೆ ಅರ್ಧ ಗಂಟೆ ಮಲಗಬೇಕು. ಅವಳಕ್ಕನ್ನ ನೋಡಿ ಒಂಬತ್ತು ವರ್ಷ ಆಯ್ತು. ಅಕ್ಕ ಹಾಸಿಗೆ ಬಿಟ್ಟು ಏಳಲ್ಲ, ಇವಳು ಹಾಸಿಗೆ ಇಲ್ಲದೆ ಹೋಗೋಹಾಗಿಲ್ಲ. ಪ್ರತಿ ಭಾನುವಾರ ಫೋನಲ್ಲಿ ಇಬ್ಬರೂ, "ನೀನು ಬಾರೇ", "ನೀನು ಬಾರೇ"... ಅದನ್ನ ಕೇಳಿ ಕೇಳಿ ನನಗೆ ಹೊಳೀತು. ಹಾಸಿಗೇನೇ ಹೊರಡಿಸಿದ್ರೆ ಹೇಗೆ?

ಅದಕ್ಕೇ ಈ ಮನೆಗಾಡಿ. ಹೊರಗೆ ನೋಡಿದ್ರಲ್ಲ. ನಾನು ಓಡಿಸ್ತಿದ್ದ ಶಾಲೆ ಬಸ್ಸೇ ಅದು, ಗುಜರಿಗೆ ಹಾಕ್ತಿದ್ರು, ನಾನು ಕೇಳಿ ತಂದೆ. ಮೂವತ್ತೊಂದು ವರ್ಷ ಅದರ ಸೀಟಲ್ಲಿ ಕೂತವನು ನಾನು, ಅದರ ಮೈಯೆಲ್ಲ ಗೊತ್ತು. ಸೀಟು ಕಿತ್ತು ಮಂಚ ಹಾಕಿದೆ. ಒಂದು ಒಲೆ, ಒಂದು ನೀರಿನ ಟ್ಯಾಂಕು, ಹಿಂದೆ ಪರದೆ ಕಟ್ಟಿ ಒಂದು ಕಕ್ಕಸು. ಕಕ್ಕಸಿನ ಟ್ಯಾಂಕು ಹೇಗೆ ಖಾಲಿ ಮಾಡೋದು ಅಂದ್ರೆ... ಬೇಡ್ವಾ? ಸರಿ, ಬಿಡಿ, ಅದು ಊಟದ ಹೊತ್ತು ಹೇಳೋ ಮಾತಲ್ಲ.

ಏಳ್ತಿದ್ದೀರಾ? ಒಳಗೆ ಹೋಗಿ ಬರ್ತೀರಾ... ಹೋಗಿ, ಹೋಗಿ ಬನ್ನಿ. ನಾನಿಲ್ಲೇ ಇರ್ತೀನಿ.

...

ಬಂದ್ರಾ? ನಿಮಗೊಬ್ಬರಿಗೇ ಕೊಟ್ಟಳಾ ಟೀ? ಪರವಾಗಿಲ್ಲ, ಕುಡೀರಿ. ನನ್ನದು ಆಮೇಲೆ ತರ್ತಾಳೆ. ಈಚೆಗೆ ಅವಳಿಗೆ ಮರೆವು ಜಾಸ್ತಿ. ಮರೆವು ಅಂತಲೂ ಅಲ್ಲ, ಏನೋ ಒಂದು ಚಟ. ಊಟದ ಮಧ್ಯೆ ಬಂದು ನನ್ನ ತಟ್ಟೆ ಹಿಡಿದು ಅರ್ಧ ಸುತ್ತು ತಿರುಗಿಸಿ ಹೋಗ್ತಾಳೆ. ಯಾಕೆ ಅಂದ್ರೆ, "ಸುಮ್ನೆ ಉಣ್ಣಿ" ಅಂತಾಳೆ. ನೋಡಿದ್ರೆ ಇನ್ನೂ ಅರ್ಧ ತಟ್ಟೆ ಅನ್ನ. ಎರಡನೇ ಸಲ ಬಡಿಸೋಕೆ ಹೊಸ ಉಪಾಯ ಇರಬೇಕು.

ಎಲ್ಲಿದ್ವಿ? ಮೂರನೇ ದಿನ. ಮುಖ್ಯವಾದ್ದು ಇದೇ, ನಿಮ್ಮನ್ನ ಕರೆಸಿದ್ದೂ ಇದಕ್ಕೇ. ಮೂರನೇ ದಿನ ನಿಮ್ಮೂರು, ಈ ಮಹಾನಗರ ದಾಟಬೇಕು. ನೀವು ಕೆಲಸ ಮಾಡೋದು ಹೆದ್ದಾರಿ ಕಂಟ್ರೋಲ್ ರೂಮಲ್ಲಿ. ಹನ್ನೆರಡು ಪರದೆ ಮುಂದೆ ಕೂತು ಇದೇ ರಸ್ತೆ ನೋಡ್ತಿರ್ತೀರಿ. ಯಾವ ಗಂಟೆಗೆ ಎಲ್ಲಿ ಗಾಡಿ ಸಾಲುಗಟ್ಟುತ್ತೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದ್ರೆ ನಾನೂ ಸುಮ್ನೆ ಕೂತಿಲ್ಲ. ಕಳೆದ ತಿಂಗಳು ನಿಮ್ಮ ಮನೇಲಿ ನಾಲ್ಕು ದಿನ ಇದ್ದೆನಲ್ಲ, ವಾಕಿಂಗ್ ಹೋಗ್ತೀನಿ ಅಂತ ಹೇಳಿ ಹೋಗ್ತಿದ್ದೆ... ವಾಕಿಂಗ್ ಅಲ್ಲ ಅದು. ಹೆದ್ದಾರಿ ಮೇಲಿನ ಕಾಲುಸೇತುವೆ ಹತ್ತಿ ಸ್ಟೂಲ್ ಹಾಕ್ಕೊಂಡು ಕೂರ್ತಿದ್ದೆ. ಕೈಲಿ ನೋಟ್‌ಬುಕ್ಕು. ಕಾವಲಿನವನು ಎರಡು ದಿನ ಸುಮ್ನಿದ್ದ, ಮೂರನೇ ದಿನ, "ಏನ್ ಯಜಮಾನ್ರೇ, ಮನೇಲಿ ಜಗಳವಾ?" ಅಂದ. ನಾನು ಗಾಡಿ ಎಣಿಸ್ತಿದ್ದೀನಪ್ಪಾ ಅಂದೆ. ಅವನು ಇನ್ನೂ ಹತ್ತಿರ ಬಂದು ನಿಂತ. ಹಾರ್ತೀನಿ ಅಂದ್ಕೊಂಡಿರಬೇಕು.

ಲೆಕ್ಕ ಏನು ಸಿಕ್ತು ಅಂದ್ರೆ, ಹನ್ನೊಂದರಿಂದ ಹನ್ನೆರಡೂಮುಕ್ಕಾಲು. ಆಫೀಸಿನವರು ಒಳಗೆ ಕೂತಿರ್ತಾರೆ, ಶಾಲೆ ಬಿಟ್ಟಿರಲ್ಲ. ದೊಡ್ಡ ಲಾರಿಗಳನ್ನ ಊರ ಹೊರಗೆ ತಡೆದಿರ್ತಾರೆ. ಆ ಒಂದೂಮುಕ್ಕಾಲು ಗಂಟೇಲಿ ನಾವು ಹೊಕ್ಕು ಹೊರಗೆ ಬಿದ್ದುಬಿಡಬೇಕು. ಹಾವೂ ಸಾಯಬಾರದು, ಕೋಲೂ ಮುರೀಬಾರದು. ತಲೆ ಆಡಿಸ್ತಿದ್ದೀರಿ. ಸರಿ ಇದೆ ಅಲ್ವಾ? ನನಗೆ ಗೊತ್ತಿತ್ತು.

ಬೆರಳಿಟ್ಟು ನೋಡಿ, ಪರವಾಗಿಲ್ಲ, ಪೆನ್ಸಿಲ್ ಗೆರೆ ಅಳಿಸಲ್ಲ. ಇಲ್ಲಿ ರಿಂಗ್ ರೋಡು ಸಿಗುತ್ತೆ. ಇಲ್ಲಿ ಮಾರ್ಕೆಟ್ಟು... ಯಾಕೆ, ಮಾರ್ಕೆಟ್ ಸುತ್ತ ಗೆರೆ ಯಾಕೆ ಸುತ್ತಿದೆ ಅಂತಲಾ? ಅದಾ. ಅಲ್ಲಿ ಬಲಕ್ಕೆ ತಿರುಗಬೇಕು. ನಾನು ಬಲಕ್ಕೆ ತಿರುಗೋ ಬದಲು ಮುಂದೆ ಹೋಗಿ ಎಡಕ್ಕೆ, ಆಮೇಲೆ ಎಡಕ್ಕೆ, ಮತ್ತೆ ಎಡಕ್ಕೆ. ಮೂರು ಸಲ ಎಡಕ್ಕೆ ತಿರುಗಿದ್ರೆ ಒಂದು ಸಲ ಬಲಕ್ಕೆ ತಿರುಗಿದ ಹಾಗೇ ಅಲ್ವಾ? ಮೂಗೆಲ್ಲಿದೆ ಅಂದ್ರೆ ತಲೆ ಸುತ್ತಿ ತೋರಿಸಿದ ಹಾಗಾಯ್ತು, ಒಪ್ಕೋತೀನಿ. ಆದ್ರೆ ಉದ್ದ ಗಾಡಿ ನೋಡಿ, ಎದುರು ಬರೋರನ್ನ ಅಡ್ಡಹಾಕೋದು ಬೇಡ ಅಂತ.

ಮುಂದಿನದೂ ಹಾಗೇ. ಹೌದು, ಅದೂ. ಅದೂ... ಎಲ್ಲಾನೂ ಎಡಕ್ಕೇ. ಮನೆ ಗೇಟಿಂದ ಅವಳಕ್ಕನ ಬಾಗಿಲವರೆಗೆ ಒಂದೇ ಒಂದು ಬಲ ತಿರುವಿಲ್ಲ. ಎರಡು ತಿಂಗಳು ಕೂತು ಮಾಡಿದ್ದು ಅಳಿಯಂದ್ರೇ. ಶಭಾಷ್ ಅನ್ನಬಹುದು ನೀವು.

ಅನ್ನಲ್ವಾ.

ಟೀ ಇನ್ನೂ ತರಲಿಲ್ಲ ನೋಡಿ ಇವಳು.

ಅಲ್ಲಿ ಯಾಕೆ ಬೆರಳು ನಿಲ್ಲಿಸಿದ್ರಿ? ಅದು ಸರ್ವಿಸ್ ರೋಡು ಬಂದು ಹೆದ್ದಾರಿಗೆ ಸೇರೋ ಜಾಗ. ಗೊತ್ತು, ಅಲ್ಲಿ ಎಡ ಬಲ ಅನ್ನೋಹಾಗಿಲ್ಲ. ಬಲಗಡೆಯಿಂದ ಎಂಬತ್ತು ತೊಂಬತ್ತರಲ್ಲಿ ಬರ್ತಿರ್ತಾರೆ, ಅವರ ನಡುವೆ ಸಂದಿ ನೋಡಿ ನುಗ್ಗಬೇಕು. ಅದಕ್ಕೂ ಒಂದು ವ್ಯವಸ್ಥೆ ಮಾಡಿದ್ದೀನಿ, ಹೇಳ್ತೀನಿ ಕೇಳಿ. ಗಾಡಿಯಲ್ಲಿ ಒಂದು ಸೀಟು ಕೀಳದೆ ಉಳಿಸಿದ್ದೀನಲ್ಲ, ನನ್ನ ಹಿಂದೆ, ಬಲಗಡೆ ಕಿಟಕಿಗೆ? ಅದು ಮೊಮ್ಮಗಳಿಗೆ, ನಮ್ಮ ಪುಟ್ಟಿಗೆ. ಪಕ್ಕದಲ್ಲಿ ಒಂದು ಸೈಕಲ್ ಬೆಲ್ಲು ಹಾಕಿದ್ದೀನಿ. ನಾನು "ಪುಟ್ಟೀ" ಅಂದ ಕೂಡ್ಲೆ ಅವಳು ಹಿಂದೆ ತಿರುಗಿ ನೋಡೋದು. ಗಾಡಿ ಬರ್ತಿದ್ರೆ ಟ್ರಿಣ್. ಖಾಲಿ ಇದ್ರೆ ಸುಮ್ನೆ. ಆಟ ಅದು. ಮೊನ್ನೆ ಅವಳು ಇಲ್ಲಿಗೆ ಬಂದಾಗ ನಮ್ಮ ಬೀದೀಲೇ ಆಡಿಸಿ ನೋಡಿದೆ, ಚುರುಕಾಗಿ ಬಾರಿಸ್ತಾಳೆ. ಏಳು ವರ್ಷದ ಮಗು ಅಂದ್ರೆ ನಂಬೋಕಾಗಲ್ಲ. ಅದಕ್ಕೇ ಪುಟ್ಟೀನ ಕಳಿಸಿಕೊಡಿ ಅಂತ... ಅಂದ್ರೆ ಅದಕ್ಕೇ ಅಂತಲ್ಲ. ಅವಳ ದೊಡ್ಡಜ್ಜೀನ ಅವಳೂ ನೋಡಿಲ್ಲ. ರಜಾ ಬೇರೆ ಇದೆ.

ಯಾಕೆ ಲೋಟ ಕೆಳಗಿಟ್ರಿ?

ಹಾಗೆ ನೋಡಬೇಡಿ ಅಳಿಯಂದ್ರೇ. ನೀವು ಮಾತು ಕಮ್ಮಿ ಅಂತ ಗೊತ್ತು, ಆದ್ರೂ ಇಷ್ಟು ಕಮ್ಮಿ ಆದ್ರೆ ಎದುರಿನವನೇ ಎಲ್ಲಾ ಮಾತಾಡಬೇಕಾಗುತ್ತೆ. ಕನ್ನಡಿ ಇಲ್ವಾ ಅಂತ ತಾನೆ? ಇದೆ. ಬಲಗಡೆ ಕನ್ನಡಿ ಒಂದಲ್ಲ, ಎರಡು ಹಾಕಿಸಿದ್ದೀನಿ. ಬಲಗಡೆ ಬಾಗಿಲ ಮೇಲಿನ ಗೀರು ನೋಡಿದ್ರಾ? ಅದು ನಮ್ಮ ಗೇಟಿನ ಕಂಬ. ಕಂಬ ಮೊದಲಿಂದಲೂ ಸ್ವಲ್ಪ ವಾಲಿದೆ. ಇನ್ನೊಂದು ಗೀರಾ? ಅದೂ ಕಂಬವೇ. ಒಂದೇ ಕಂಬ, ಎರಡು ಸಲ. ನೀವು ಕೇಳಲಿಲ್ಲ, ನಾನೇ ಹೇಳ್ತಿದ್ದೀನಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಾಗಲ್ಲ ಇದು. ನನಗೆ ಎಲ್ಲಾನೂ ಬಿಡಿಸಿ ಹೇಳೋ ಅಭ್ಯಾಸ, ಅಷ್ಟೇ.

ಗಂಟಲು ಒಣಗ್ತಿದೆ. ಲೇ... ಟೀ ಏನಾಯ್ತೇ?

ಏನಂದೆ? ಗಾಡಿ ಹತ್ರ ಇದ್ದೀಯಾ? ಕೇಳಿಸ್ತಿಲ್ಲ, ಜೋರಾಗಿ ಹೇಳು.

...ಅಳಿಯಂದ್ರ ಕೈಲಿ ಆಗಲೇ ಎರಡು ಲೋಟ ಕಳಿಸಿದ್ಳಂತೆ.

ಎರಡು ಲೋಟ. ನಿಮ್ಮದು ಇಲ್ಲಿದೆ. ಇನ್ನೊಂದು...

ಓ.

ನನ್ನ ಮೊಣಕೈ ಹತ್ರಾನೇ ಇದೆ. ಬಲಗಡೆ. ಕೆನೆ ಕಟ್ಟಿಬಿಟ್ಟಿದೆ. ಬಂದಾಗಲೇ ಇಟ್ಟಿದ್ರಾ? ನಿಮಗೊಬ್ಬರಿಗೇ ಕೊಟ್ಟಳಾ ಅಂತ ಕೇಳಿದಾಗ ಇಲ್ಲೇ ಇತ್ತಾ? ಅವಳಿಗೆ ಮರೆವು ಅಂತ ಅಂದಾಗಲೂ? ಏನೂ ಹೇಳದೆ ನೋಡ್ತಾ ಕೂತಿದ್ರಿ... ಇಲ್ಲ, ಕೋಪ ಇಲ್ಲ. ನೀವು ದಿನವಿಡೀ ಹಾಗೇ ತಾನೆ ಕೂರೋದು. ಯಾವ ಗಾಡಿ ಯಾಕೆ ನಿಧಾನ ಆಯ್ತು ಅಂತ ನೋಡೋದೇ ನಿಮ್ಮ ಕೆಲಸ.

ಏನಾದ್ರೂ ಅನ್ನಿ ಅಳಿಯಂದ್ರೇ. ಬೈದ್ರೂ ಸರಿ.

ಪೂರ್ತಿ ಕಾಣಲ್ಲ ಅಂತಲ್ಲ. ಅದನ್ನ ಸರಿಯಾಗಿ ತಿಳ್ಕೋಬೇಕು. ಆರು ತಿಂಗಳ ಹಿಂದೆ ಒಂದು ಬೆಳಿಗ್ಗೆ ಪೇಪರ್ ಓದ್ತಿದ್ದೆ, ಪ್ರತಿ ಸಾಲಲ್ಲೂ ಕೊನೇ ಪದ ಇಲ್ಲ. ಅಚ್ಚು ಹಾಕೋರು ಕುಡಿದು ಬಂದಿದ್ದಾರೆ ಅಂದ್ಕೊಂಡೆ. ಮಾರನೇ ದಿನವೂ ಹಾಗೇ. ಡಾಕ್ಟರ ಹತ್ರ ಒಬ್ಬನೇ ಹೋದೆ. ಕಣ್ಣು ಚೆನ್ನಾಗೇ ಇದೆ ಅಂದ್ರು, ಕೆಟ್ಟಿರೋದು ಒಳಗೆ, ತಲೇಲಿ ಎಲ್ಲೋ ಒಂದು ಸಣ್ಣ ನರ. ಎರಡು ಕಣ್ಣಲ್ಲೂ ಬಲಗಡೆ ಅರ್ಧ... ಕತ್ತಲೆ ಅಲ್ಲ ಅದು. ಕತ್ತಲೆ ಆದ್ರೆ ಗೊತ್ತಾಗುತ್ತಲ್ಲ. ಏನೂ ಇಲ್ಲ ಅಷ್ಟೇ. ಇಲ್ಲ ಅನ್ನೋದೂ ಗೊತ್ತಾಗಲ್ಲ. ಗಾಡಿ ಮುಟ್ಟಬೇಡಿ ಅಂದ್ರು. ನಾನು ಹೂಂ ಅಂದು ಬಂದೆ.

ಬೆಲ್ಲಿನ ಉಪಾಯ ಎಲ್ಲಿಂದ ಬಂತು ಅಂತಲೂ ಹೇಳ್ಬಿಡ್ತೀನಿ. ಹದಿನೈದು ದಿನದ ಹಿಂದೆ ಗಾಡಿ ಪರೀಕ್ಷೆ ಮಾಡೋಕೆ ಹೊರಗೆ ತೆಗೆದಿದ್ದೆ. ತಿರುವಲ್ಲಿ ಸೈಕಲ್ ಬೆಲ್ ಕೇಳಿಸ್ತು. ಎಲ್ಲಿಂದ ಅಂತ ತಿಳೀಲಿಲ್ಲ, ಸುಮ್ನೆ ಬ್ರೇಕ್ ಒತ್ತಿದೆ. ಆಮೇಲೆ ಕತ್ತು ತಿರುಗಿಸಿ ನೋಡಿದ್ರೆ ಬಲಗಡೆ ಚಕ್ರಕ್ಕೆ ಒಂದು ಗೇಣು ದೂರದಲ್ಲಿ ಒಂದು ಹುಡುಗಿ, ಶಾಲೆ ಬಟ್ಟೆ ಹಾಕಿತ್ತು. ಮೂವತ್ತೊಂದು ವರ್ಷ ಆ ಬಟ್ಟೆ ಹಾಕಿದ ಮಕ್ಕಳನ್ನ ಒಂದು ಗೀರಿಲ್ಲದೆ ಮನೆ ಮುಟ್ಟಿಸಿದವನು ನಾನು... ಆ ಹುಡುಗಿ ನನಗೆ, "ಸಾರಿ ಅಂಕಲ್" ಅಂತ ಹೇಳಿ ಹೋಯ್ತು. ಅದು ಕ್ಷಮೆ ಕೇಳ್ತು, ನೋಡಿ. ನಾನು ಮನೆಗೆ ಬಂದು ಏನು ಮಾಡಬೇಕಿತ್ತು? ಕೀ ಎಸೀಬೇಕಿತ್ತು. ನಾನು ಪೇಟೆಗೆ ಹೋಗಿ ಬೆಲ್ ತಂದೆ.

ಕೀ ಯಾಕೆ ತಗೊಂಡ್ರಿ... ಜೇಬಿಗೆ ಹಾಕ್ಕೊಂಡ್ರಾ.

ಸರಿ. ಪುಟ್ಟಿ ಬೇಡ. ಪುಟ್ಟಿ ಮಾತು ಎತ್ತಿದ್ದೇ ತಪ್ಪು, ಹಿಂತಗೊಂಡೆ. ಆದ್ರೆ ಇವಳಿಗೆ ಏನು ಹೇಳ್ಲಿ? ಇವಳಿಗೆ ಏನೂ ಗೊತ್ತಿಲ್ಲ ಅಳಿಯಂದ್ರೇ. ಮೊನ್ನೆಯಿಂದ ಸೀರೆ ಮಡಿಸಿ ಗಾಡಿಯಲ್ಲಿ ಇಡ್ತಿದ್ದಾಳೆ, ತೆಗೀತಿದ್ದಾಳೆ, ಮತ್ತೆ ಇಡ್ತಿದ್ದಾಳೆ. ಅಕ್ಕನಿಗೆ ಹೇಳಿಯಾಗಿದೆ. ನೀವು ದಯವಿಟ್ಟು...

ಬಂದೆ ಕಣೇ! ಏನಂತೆ?

ಪಕ್ಕದ್ಮನೆ ಹಲ್ಲಿನ ಡಾಕ್ಟರು ಕಾರು ತೆಗೀಬೇಕಂತೆ, ನಮ್ಮ ಗಾಡಿ ಅಡ್ಡ ಇದೆಯಂತೆ. ಬಂದೆ, ತೆಗೆದು ಗೇಟೊಳಗೆ ಹಾಕ್ತೀನಿ ಅನ್ನು ಅವರಿಗೆ.

ಯಾರು? ಅಳಿಯಂದ್ರು ತೆಗೀಲಿ ಅಂತಿದ್ದೀಯಾ? ಯಾಕೆ, ನಾನು... ನಾನು ಗೇಟು ಹಿಡ್ಕೋಬೇಕಾ. ಯಾವ ಗೇಟು?

...ಎಡಗಡೇದು ಹಿಡ್ಕೊಳ್ಳಿ ಅಂದಳು. ಬಲಗಡೇದು ಅವಳೇ ಹಿಡ್ಕೋತಾಳಂತೆ.

ಕೇಳಿಸ್ತಾ ಅಳಿಯಂದ್ರೇ?

ತಟ್ಟೆ ತಿರುಗಿಸ್ತಿದ್ದದ್ದು...

ಏಳಿ. ಹೋಗೋಣ. ನಿಮಗೆ ಆ ಗಾಡಿ ಹೊಸದು, ಒಂದು ಮಾತು ಹೇಳ್ಬಿಡ್ತೀನಿ. ಸೀಟು ಮುಂದಕ್ಕೆ ಎಳ್ಕೊಳ್ಳಿ, ಅದು ನನ್ನ ಕಾಲಿನ ಅಳತೆಗಿದೆ. ಕನ್ನಡಿಗಳೆಲ್ಲ ನನಗೆ ತಕ್ಕ ಹಾಗೆ ತಿರುಗಿಸಿಟ್ಟಿದ್ದೀನಿ, ನಿಮಗೆ ಅದರಲ್ಲಿ ಬರೀ ಆಕಾಶ ಕಾಣುತ್ತೆ, ಸರಿಮಾಡ್ಕೊಳ್ಳಿ. ರಿವರ್ಸ್ ಗೇರ್ ಮಾತ್ರ ಸ್ವಲ್ಪ ಹಟಮಾರಿ. ಬಲವಂತ ಮಾಡಬಾರದು. ಕ್ಲಚ್ಚು ಪೂರ್ತಿ ಒತ್ತಿ, ಒಂದು ಉಸಿರು ಸುಮ್ನೆ ಕಾದು, ಆಮೇಲೆ ಮೆಲ್ಲಗೆ... ಬಂದೆ ಕಣೇ, ಬಂದೆ, ಇವರಿಗೆ ಗೇರ್ ಹೇಳಿಕೊಡ್ತಿದ್ದೀನಿ... ಮೆಲ್ಲಗೆ ನಿಮ್ಮ ಕಡೆಗೆ ಎಳ್ಕೊಂಡು, ಅದು ತಾನಾಗೇ ಕೂರೋವರೆಗೂ...