ಪೋಕರಾಕ ಟ್ಯಾಪಿಂಗಿಗೆ ಬಂದದ್ದು

ಕೋಡಿಂಬಾಳದಲ್ಲಿ ನಮ್ಮ ನೆರೆಮನೆಯ ವೆಂಕಪ್ಪನಿಗೆ ಆದದ್ದು ಇದು. ಎಂಬತ್ತೆರಡನೇ ಇಸವಿ. ನಡುರಾತ್ರಿ ಕಳೆದಿತ್ತು. ರಬ್ಬರ್ ತೋಟದ ಬಾವಿಯ ದಾರಿಯಾಗಿ ಅವನೊಬ್ಬನೇ ಮನೆಗೆ ಹೋಗುತ್ತಿದ್ದ.

ತೋಟದಲ್ಲಿ ಆಗ ಸ್ಟ್ರೈಕು. ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗ್ ಮಾಡುತ್ತಿದ್ದ ಪೋಕರ್, ಎಲ್ಲರ ಪೋಕರಾಕ, ಮರದ ಬುಡದಲ್ಲೇ ಹಾವು ಕಚ್ಚಿ ಸತ್ತಿದ್ದ. ಲೈನ್‌ಮನೆ ಕೆಲಸದವರಿಗೆ ಮಾತ್ರ, ಖಾಲಿ ಮಾಡು ಎಂದು ಅವನ ಹೆಂಡತಿ ಜೈನಬಮ್ಮನಿಗೆ ಧಣಿ ಅಗಸ್ಟಿನ್ ಹೇಳಿದರು. ಅವಳನ್ನು ಹೊರಗೆ ಹಾಕಬಾರದೆಂದು ಎಲ್ಲರೂ ಕೆಲಸ ನಿಲ್ಲಿಸಿದರು. ಆದರೆ ದಿನಾ ಬೆಳಿಗ್ಗೆ ಒಂದು ಸಾಲಿನ ಮರಗಳಿಗೆ ಕಟ್ಟಿದ ಗೆರಟೆಗಳಲ್ಲಿ ಮಾತ್ರ ರಬ್ಬರ್ ಹಾಲು ತುಂಬಿರುತ್ತಿತ್ತು. ಅದು ಪೋಕರನ ಸಾಲು. ಪಕ್ಕದ ಸಾಲು ವೆಂಕಪ್ಪನದು, ಹಾಗಾಗಿ ಅನುಮಾನ ಅವನ ಮೇಲೆ.

“ಹಗಲು ಸ್ಟ್ರೈಕು, ರಾತ್ರಿ ಟ್ಯಾಪಿಂಗ್. ನಿನ್ನದು ಡಬಲ್ ಡ್ಯೂಟಿಯಾ ಮಾರಾಯ?” ಆ ಸಂಜೆ ಮೀಟಿಂಗಿನಲ್ಲಿ ಸ್ಟ್ರೈಕಿನ ಮುಂದಾಳು ಕೂಸಪ್ಪ ಎಲ್ಲರೆದುರೇ ಕೇಳಿದ್ದ. “ಕಳ್ಳನನ್ನು ತೋರಿಸು. ಇಲ್ಲದಿದ್ರೆ ನಾವೂ ಕೆಲಸಕ್ಕೆ ಹೋಗುದೇ.”

ಆ ರಾತ್ರಿ ವೆಂಕಪ್ಪ ಬಾವಿ ದಾಟಿದ್ದಷ್ಟೆ... ಪರ್ರ್... ಒಣಗಿದ ಹಾಲಿನ ಎಳೆ ಕಿತ್ತ ಸದ್ದು. ಮತ್ತೆ ಸ್ರ್... ಸ್ರ್... ಕತ್ತಿ ತೊಗಟೆ ಕೆತ್ತುವ ಸದ್ದು. ದೀಪ ಇಲ್ಲ. ವೆಂಕಪ್ಪ ಮೆಲ್ಲಗೆ ಹತ್ತಿರ ಹೋಗಿ ಟಾರ್ಚ್ ಹಾಕಿದ.

ಪೋಕರ್. ಹಾವು ಕಚ್ಚಿದ ಬಲಗಾಲು ಮಂಡಿಯವರೆಗೆ ಬಾತು ಕಪ್ಪಾಗಿತ್ತು.

“ಪೋಕರಾಕ... ಇದೆಂತ?”

“ಟಾರ್ಚ್ ಆರಿಸು. ಯಾರಾದ್ರೂ ನೋಡ್ತಾರೆ.”

“ನಿಮ್ಮ ಮನೆಯವರಿಗಾಗಿ ಸ್ಟ್ರೈಕ್ ಉಂಟು. ನೀವೇ ಹೀಗೆ ಮಾಡಿದ್ರೆ...”

“ನನ್ನ ಸಾಲಿನ ಕೆಲಸ ನಿಂತ್ರೆ ಅವಳನ್ನು ಹೊರಗೆ ಹಾಕ್ತಾರೆ. ನೀವು ಒಂದು ವಾರ ನಿಲ್ತೀರಿ. ಆಮೇಲೆ?”

ಟಪ್... ಟಪ್... ಗೆರಟೆಗೆ ಹಾಲು ಬೀಳುತ್ತಿತ್ತು. ಪೋಕರ್ ಕುಂಟುತ್ತ ಮುಂದಿನ ಮರಕ್ಕೆ ಹೋದ.

ಬೆಳಿಗ್ಗೆ ವೆಂಕಪ್ಪ ಕಂಡದ್ದನ್ನು ಕಂಡ ಹಾಗೆ ಹೇಳಿದ. ಕೂಸಪ್ಪ ಉಗುಳಿದ.

“ಸತ್ತವನ ಮೇಲೆ ತಪ್ಪು ಹಾಕ್ಲಿಕ್ಕೆ ನಾಚಿಕೆ ಆಗುದಿಲ್ವಾ ನಿನಗೆ?”

ಮರುದಿನ ಬೆಳಗಿನ ಜಾವ ಸ್ಟ್ರೈಕು ಬಿಟ್ಟು ಎಲ್ಲರೂ ಟ್ಯಾಪಿಂಗಿಗೆ ಇಳಿದರು. ಯಾರೂ ವೆಂಕಪ್ಪನೊಡನೆ ಮಾತಾಡಲಿಲ್ಲ. ಆ ವಾರವೇ ಜೈನಬಮ್ಮ ಪಾತ್ರೆ, ಚಾಪೆ ಹೊತ್ತುಕೊಂಡು ಕುಂಬ್ರದ ತಮ್ಮನ ಮನೆಗೆ ಹೋದಳು. ಪೋಕರನ ಸಾಲಿಗೆ ಹೊಸ ಜನ ಬಂತು.

ಕಟ್ಟಿದ ಕತೆ ಅಲ್ಲ ಇದು. ನೋಡಿದವರು ಈಗಲೂ ಇದ್ದಾರೆ, ಕೇಳಿ. ಹೊಗೆ ಹಾಕುವ ಕೋಣೆಯಲ್ಲಿ ಬೇರೆ ರಬ್ಬರ್ ಶೀಟುಗಳೆಲ್ಲ ಒಣಗಿ ಕಂದು ಬಣ್ಣಕ್ಕೆ ಬಂದವು. ಸ್ಟ್ರೈಕಿನ ದಿನಗಳಲ್ಲಿ ಪೋಕರನ ಸಾಲಿನಿಂದ ಧಣಿಯೇ ಎತ್ತಿದ್ದ ಹಾಲಿನವು ಮಾತ್ರ ಬೇಸಗೆ ಬಂದರೂ ಬೆಳ್ಳಗೆ, ಒದ್ದೆಯಾಗಿಯೇ ನೇತಾಡುತ್ತಿದ್ದವು.