ಕೋಡಿಯ ಕೂಳಿ

ಇದು ನಡೆದದ್ದು 2024ರ ಜುಲೈ ಕೊನೆಯ ವಾರ, ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಸಣ್ಣ ಊರಲ್ಲಿ. ಊರಿನ ಹೆಸರು ಬೇಡ. ಆಗಿದ್ದು ನಮ್ಮ ದೊಡ್ಡಮ್ಮನ ಮಗ ಲಿಂಗರಾಜುಗೆ.

ಕಂಪಲಾಪುರದಲ್ಲಿ ಕೊನೇ ಬಸ್ಸಿಳಿದು ಅವನು ಕೆರೆ ಏರಿ ಮೇಲೆ ನಡೆದು ಬರುತ್ತಿದ್ದ. ಮಳೆ ಆಗಷ್ಟೇ ನಿಂತಿತ್ತು. ಕೆರೆ ತುಂಬಿ ಕೋಡಿ ಬಿದ್ದಿತ್ತು. ಆಲದ ಮರ ದಾಟಿದರೆ ಕೋಡಿ. ಕೋಡಿ ದಾಟಿದರೆ ಊರು.

ಕೋಡಿ ಬಿದ್ದಾಗ ಹಳ್ಳದ ಮೀನು ನೀರಿಗೆ ಎದುರಾಗಿ ಹತ್ತಿ ಬಂದು ಕೆರೆಯಂಚಿನ ಜೊಂಡಿನಲ್ಲಿ ಮೊಟ್ಟೆಯಿಡುತ್ತವೆ. ಆಗ ಬಿದಿರಿನ ಕೂಳಿ ಒಡ್ಡಿದರೆ ಮೊಟ್ಟೆ ತುಂಬಿದ ಮೀನೇ ಬಂದು ಒಳಗೆ ಬೀಳುತ್ತವೆ. ಮುಂದಿನ ವರ್ಷಕ್ಕೆ ಮರಿ ಇರುವುದಿಲ್ಲ. ಅದಕ್ಕೇ ಊರ ಕೆರೆ ಸಂಘ ಕಟ್ಟು ಮಾಡಿತ್ತು: ಕೋಡಿ ಬಿದ್ದ ಹದಿನೈದು ದಿನ ಯಾರೂ ಕೂಳಿ ಇಡಬಾರದು.

ಆ ಕಟ್ಟನ್ನು ಕಾದವನು ಚಾಮಯ್ಯ. ಅವನು ಯಾರ ಮೇಲೂ ದೂರು ಹೇಳುತ್ತಿರಲಿಲ್ಲ. ರಾತ್ರಿ ಕೂಳಿ ಎತ್ತಿ, ಕುಡುಗೋಲಿನಿಂದ ಸೀಳಿ, ಮೀನನ್ನು ನೀರಿಗೆ ಬಿಟ್ಟು, ಹರಿದ ಕೂಳಿಯನ್ನು ಇಟ್ಟವನ ಜಗಲಿ ಮೇಲೆ ಹಾಕಿ ಹೋಗುತ್ತಿದ್ದ. ಬೆಳಗ್ಗೆ ಊರೆಲ್ಲ ನೋಡುತ್ತಿತ್ತು. ಅಷ್ಟೇ ಶಿಕ್ಷೆ. ಕಾಣದೇ ಹೋಗಿದ್ದ ಗಿರ್ಲು, ಕೊರವ ಮೀನುಗಳು ತಿರುಗಿ ಬಂದವು. ಕೊಕ್ಕರೆಗಳೂ ಬಂದವು. ಬೇಸಿಗೆಯಲ್ಲಿ ಮೀನು ಊರಿಗೆಲ್ಲ ಹಂಚಿಕೆಯಾಯಿತು. ಜನ ಚಾಮಯ್ಯನನ್ನು ಬೈಯುತ್ತಲೇ ತಿಂದರು.

ಇದಕ್ಕೆ ಎರಡು ವರ್ಷದ ಹಿಂದೆ ಕೋಡಿಯಲ್ಲಿ ಅವನ ಹೆಣ ಸಿಕ್ಕಿತು. ಕಾಲು ಜಾರಿ ಬಿದ್ದ ಎಂದು ಊರು ಹೇಳಿತು. ಆ ರಾತ್ರಿ ಅವನು ಬಹಳ ಹೊತ್ತು ಕೂಗಿದ್ದ. ಲಿಂಗರಾಜು ಹಾಸಿಗೆಯಲ್ಲಿ ಎದ್ದು ಕೂತಿದ್ದ... ಹೊರಗೆ ಬರಲಿಲ್ಲ. ಲಿಂಗರಾಜುವಿನ ಕೂಳಿಯೂ ಆ ರಾತ್ರಿ ಕೋಡಿಯಲ್ಲಿತ್ತು. ಆಮೇಲೆ ಕೋಡಿಯ ಕಾವಲು ಲಿಂಗರಾಜುಗೇ ಸಿಕ್ಕಿತು. ಇವನಾದರೆ ಕಣ್ಣು ಮುಚ್ಚಿಕೊಂಡಿರುತ್ತಾನೆ ಎಂದೇ ಕೊಟ್ಟರು.

ಆಲದ ಮರದ ಕೆಳಗೆ ಅವನು ನಿಂತ. ನೀರಿನ ಮೊರೆತದ ನಡುವೆ ಇನ್ನೊಂದು ಸದ್ದು.

ಚಟ್... ಚಟ್... ಬಿದಿರು ಸೀಳುವ ಸದ್ದು. ಆಮೇಲೆ ಪುಳಕ್ ಎಂದು ಮೀನು ನೀರಿಗೆ ಬಿದ್ದದ್ದು.

ತಲೆಗೆ ಗೋಣಿಕೊಪ್ಪೆ ಹಾಕಿಕೊಂಡವನೊಬ್ಬ ಮೊಣಕಾಲುದ್ದ ನೀರಿನಲ್ಲಿ ಬೆನ್ನು ತಿರುಗಿಸಿ ನಿಂತಿದ್ದ.

“ಯಾರ್ಲಾ?”

“ನಾನು ಕಣಣ್ಣ... ಲಿಂಗರಾಜು.”

ಅಂದ ಮೇಲೆ, ಅಣ್ಣ ಅಂದದ್ದು ಯಾರಿಗೆ ಎಂದು ಅವನಿಗೆ ಹೊಳೆಯಿತು.

“ಈ ಕೂಳಿ ನಿಂದಾ?”

“ನಂದಲ್ಲ.”

“ಅಂಗಾರೆ ಕುಯ್ತೀನಿ ಬುಡು.”

ಚಟ್. ಅದು ಲಿಂಗರಾಜುವಿನದೇ.

“ಅವತ್ತು ನಾ ಕೂಗಿದ್ದು ಕೇಳುಸ್ತಾ?”

“ಇಲ್ಲ ಕಣಣ್ಣ. ನಿದ್ದೆ ಬಂದ್ಬುಟ್ಟಿತ್ತು.”

ನೀರು ಮೊರೆಯುತ್ತಿತ್ತು... ಅವನು ತಿರುಗಲಿಲ್ಲ.

“ಒಳ್ಳೆ ನಿದ್ದೆ ಕಣ್ಲಾ, ಈ ಊರಿಗೆ.”

ಲಿಂಗರಾಜು ಹೇಗೆ ಮನೆ ಸೇರಿದನೋ ಅವನಿಗೇ ಗೊತ್ತಿಲ್ಲ. ಅಗಣಿ ಹಾಕಿ ಗೋಡೆಗೆ ಒರಗಿ ಕೂತ. ನಡುರಾತ್ರಿ ಬೀದಿಯ ಕೊನೆಯಲ್ಲಿ ಹೆಜ್ಜೆ ಕೇಳಿಸಿತು. ಪಚಕ್... ಪಚಕ್... ಒಂದು ಮನೆ ಮುಂದೆ ನಿಂತಿತು. ಟಪ್. ಮತ್ತೆ ಪಚಕ್... ಪಚಕ್... ಪಕ್ಕದ ಮನೆ. ಟಪ್. ಹೀಗೇ ಬಂತು. ಕೊನೆಗೆ ಅವನ ಬಾಗಿಲ ಹೊರಗೆ.

ಟಪ್.

ಬೆಳಗ್ಗೆ ಜಗಲಿ ಮೇಲೆ ಅವನ ಕೂಳಿ ಹರಿದು ಬಿದ್ದಿತ್ತು. ನೀರು ಸೋರುತ್ತಿತ್ತು. ಪಕ್ಕದ ಮನೆ ಜಗಲಿ ಮೇಲೂ ಒಂದು. ಸಂಘದ ಅಧ್ಯಕ್ಷರ ಜಗಲಿ ಮೇಲೂ ಒಂದು. ಮೇಲಿನ ಬೀದಿ ಯಶೋದಮ್ಮನವರ ಮನೆಯಲ್ಲಿ ಮೀನು ತಿನ್ನುವವರೇ ಇಲ್ಲ. ಅವರು ಜನ್ಮದಲ್ಲಿ ಕೂಳಿ ಮುಟ್ಟಿದವರಲ್ಲ. ಅವರ ಜಗಲಿ ಮೇಲೂ ಇತ್ತು. ಕೋಡಿಗೆ ಅವರದೇ ಮನೆ ಎಲ್ಲಕ್ಕಿಂತ ಹತ್ತಿರ. ಅವರು ಆಚೆ ಈಚೆ ನೋಡಿ ಅದನ್ನು ಸೆರಗಿನಡಿ ಹಿಡಿದು ಒಳಗೆ ಹೋದರು.

ಎಲ್ಲರೂ ಹಾಗೇ ಮಾಡಿದರು. ಯಾರೂ ಯಾರನ್ನೂ ಕೇಳಲಿಲ್ಲ. ಸಂಜೆ ಕೆಲವು ಹಿತ್ತಲುಗಳಲ್ಲಿ ಹರಿದ ಬಿದಿರಿಗೆ ತಂತಿ ಬಿಗಿಯುವ ಸದ್ದು ಕೇಳಿತು. ಕತ್ತಲಾದ ಮೇಲೆ ಆ ಕೂಳಿಗಳು ಮತ್ತೆ ಕೋಡಿಗೆ ಹೋದವು.

ಲಿಂಗರಾಜು ತನ್ನದನ್ನು ಒಲೆಗೆ ಹಾಕಿದ. ಹೊತ್ತಿಕೊಳ್ಳಲಿಲ್ಲ. ಇವತ್ತಿಗೂ ಹಿತ್ತಲಲ್ಲಿದೆ, ಒದ್ದೆಯಾಗಿಯೇ ಇದೆ. ನಂಬದವರು ಹೋಗಿ ಮುಟ್ಟಿ ನೋಡಬಹುದು.

ಒಣಗಿದ್ದದ್ದು ಒಂದೇ ಜಗಲಿ, ಚಾಮಯ್ಯನ ಹೆಂಡತಿ ರಾಚಮ್ಮನದು. ಅವನು ಸತ್ತ ರಾತ್ರಿ ಆಕೆ ಹಂಪಾಪುರದಲ್ಲಿ ಮಗಳ ಮನೆಯಲ್ಲಿದ್ದಳು. ಊರಲ್ಲಿರುವುದು ನಲವತ್ತೆರಡು ಮನೆ. ಕೂಳಿ ಬಂದದ್ದು ನಲವತ್ತೊಂದಕ್ಕೆ.